ತಟ್ಟಿ ನೋಡದೆ ತಂದ ಗಿಟಾರು

ಗಿಟಾರಿನ ತಂತಿ ಬದಲಿಸುವಾಗ ಅದರ ಹೊಟ್ಟೆಯ ದುಂಡು ತೂತಿನ ಹತ್ತಿರ ಮೂಗು ತಾನಾಗಿ ಹೋಗುತ್ತದೆ. ಹೋದ ತಿಂಗಳು ಹಳೆಯ ಆರೂ ತಂತಿ ಬಿಚ್ಚಿಟ್ಟು, ಹೊಸದು ಹಾಕುವ ಮುನ್ನ ಒಳಗಿನ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದೆ. ಮರದ ಅಂಟಿನ ವಾಸನೆ ಬಂತು. ಹೊಸ ಗಿಟಾರಿಗೆ ಆ ವಾಸನೆ ಇರುವುದು ಸಹಜ. ನನ್ನದು ಆರು ವರ್ಷದ ಹಳೆಯದು. ಆ ಅಂಟು ಆಮೇಲೆ ಬಿದ್ದದ್ದು, ಹಾಕಿದವರು ನನಗೆ ಕೆಲಸ ಕಲಿಸಿದ ರಂಗಸಾಮಿ ಅಣ್ಣ. ಅದು ಹೇಗೆ ಎಂದು ನೀವು ಕೇಳಿದರೆ ನಾನು ಮಾಡಿದ ಎರಡು ಕೆಲಸಗಳನ್ನು ಹೇಳಬೇಕಾಗುತ್ತದೆ. ಒಂದು ಪೆದ್ದುತನದ್ದು, ಅದನ್ನು ಹೇಳಿ ಎಷ್ಟೋ ಸಲ ಜನರನ್ನು ನಗಿಸಿದ್ದೇನೆ. ಇನ್ನೊಂದನ್ನು ಇದುವರೆಗೆ ಯಾರಿಗೂ ಪೂರ್ತಿಯಾಗಿ ಹೇಳಿಲ್ಲ.

ನಾನು ಕೊಯಮತ್ತೂರಿಗೆ ಬಂದದ್ದು ಇಪ್ಪತ್ತನಾಲ್ಕರ ವಯಸ್ಸಿನಲ್ಲಿ, ಹರಿಹರದಿಂದ, ಲೋಹಶಾಸ್ತ್ರದ ಡಿಪ್ಲೊಮಾ ಹಿಡಿದುಕೊಂಡು. ಕುರಿಚಿಯ ಕೈಗಾರಿಕಾ ವಸಾಹತಿನ ಒಂದು ಫೌಂಡ್ರಿಯಲ್ಲಿ ಕೆಲಸ. ಲಾರಿ ಚಕ್ರದ ನಡುವೆ ಕೂರುವ ಹಬ್ ಎಂಬ ಕಬ್ಬಿಣದ ಭಾಗವನ್ನು ಅಲ್ಲಿ ಎರಕ ಹೊಯ್ಯುತ್ತಾರೆ. ಹೊಯ್ದದ್ದು ಸರಿಯಾಗಿದೆಯೇ ಎಂದು ನೋಡುವ ತಪಾಸಣೆ ವಿಭಾಗಕ್ಕೆ ನನ್ನನ್ನು ಹಾಕಿದರು. ಆ ವಿಭಾಗದಲ್ಲಿ ಆಗ ನಾನೊಬ್ಬಳೇ ಹೆಂಗಸು. ಮೊದಲ ದಿನ ನನ್ನನ್ನು ಒಂದು ಮರದ ಬೆಂಚಿನ ಮುಂದೆ ನಿಲ್ಲಿಸಿ, ಎದುರಿಗಿದ್ದ ಕಪ್ಪು ಮೈಯ, ನೆರೆತ ಮೀಸೆಯ ಮನುಷ್ಯನಿಗೆ ಕರ್ನಾಟಕದವಳೆಂದು ಹೇಳಿ ಒಪ್ಪಿಸಿ ಮ್ಯಾನೇಜರ್ ಹೊರಟುಹೋದರು. ನನಗೆ ಆಗ ತಮಿಳು ಬಾರದು. ಏನು ಹೇಳುವುದೆಂದು ತಿಳಿಯದೆ ಬ್ಯಾಗಿನಿಂದ ಕನ್ನಡ ವಾರಪತ್ರಿಕೆ ತೆಗೆದು ಬೆಂಚಿನ ಮೇಲಿಟ್ಟೆ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ನಮ್ಮ ಬರವಾ?" ಎಂದರು.

ನಮ್ಮ ಬರವಾ, ಅಂದರೆ ನಮ್ಮ ಬರಹವೇ ಎಂದು. ಅವರೇ ರಂಗಸಾಮಿ ಅಣ್ಣ, ಅವರ ಮನೆಮಾತು ಕನ್ನಡ. ಉಡುಮಲೈಪೇಟೆಯ ಕಡೆಯ ರೈತರ ಮನೆ, ಎಷ್ಟು ತಲೆಮಾರಿನಿಂದ ಅಲ್ಲಿದ್ದಾರೆಂದು ಅವರಿಗೂ ಗೊತ್ತಿಲ್ಲ. ಕನ್ನಡ ಆಡುತ್ತಾರೆ, ಒಂದಕ್ಷರ ಓದಲು ಬಾರದು. ಅವರ ಕನ್ನಡದಲ್ಲಿ ಅರ್ಧದಷ್ಟು ತಮಿಳು, ರಾಗವಂತೂ ಪೂರ್ತಿ ತಮಿಳಿನದು. ಆದರೂ ಆ ಗದ್ದಲದ ಶೆಡ್ಡಿನೊಳಗೆ ಆ ಮಾತು ಕಿವಿಗೆ ಬಿದ್ದಾಗ ನನಗೆ ಕಾಲು ನೆಲಕ್ಕೆ ತಾಗಿದಂತಾಯಿತು. ಅಂದಿನಿಂದ ನಾನು ಅವರಿಗೆ ಅಮ್ಮಣಿ. ಕೊಯಮತ್ತೂರಿನಲ್ಲಿ ಮಗಳಂಥವಳನ್ನು ಹಾಗೆ ಕರೆಯುತ್ತಾರೆ.

ಅವರು ಕಲಿಸಿದ ವಿದ್ಯೆ ಸರಳ. ಹಬ್ಬನ್ನು ಬೆಂಚಿನ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ಒಂದೇಟು ಹಾಕಬೇಕು. ಗಟ್ಟಿ ಎರಕವಾದರೆ ಗಂಟೆಯಂತೆ ನುಡಿಯುತ್ತದೆ, ನುಡಿ ಬಹಳ ಹೊತ್ತು ನಿಲ್ಲುತ್ತದೆ. ಒಳಗೆ ಬಿರುಕಿದ್ದರೆ ಒಡಕು ಮಡಕೆಯಂತೆ ಸಪ್ಪೆಯಾಗಿ ನಿಂತುಬಿಡುತ್ತದೆ. ಸರಿಯಿದ್ದದ್ದಕ್ಕೆ ಸೀಮೆಸುಣ್ಣದ ಗೀಟು, ಇಲ್ಲದ್ದನ್ನು ಎಡಗಡೆಯ ಗಾಡಿಗೆ. ಮೊದಲ ವಾರ ಅವರು ಒಂದೊಂದನ್ನೂ ಬಡಿದು "ಸತ್ತ ಕೇಳು ಅಮ್ಮಣಿ, ಸತ್ತ ಕೇಳು" ಎನ್ನುತ್ತಿದ್ದರು. ಸತ್ತದ್ದನ್ನು ಹೇಗಪ್ಪಾ ಕೇಳುವುದು ಎಂದು ನಾನು ಬೆದರಿ ನಿಂತಿದ್ದೆ. ತಮಿಳಿನಲ್ಲಿ ಸತ್ತಂ ಎಂದರೆ ಸದ್ದು ಎಂದು ತಿಳಿಯಲು ನನಗೆ ನಾಲ್ಕು ದಿನ ಬೇಕಾಯಿತು. ಆ ನಾಲ್ಕು ದಿನವೂ ನಾನು ಅರ್ಥವಾದವಳಂತೆ ತಲೆಯಾಡಿಸಿದ್ದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಗೊತ್ತಿಲ್ಲದ್ದನ್ನು ಕೇಳಿ ತಿಳಿಯುವ ಬುದ್ಧಿ ನನಗೆ ಮೊದಲಿನಿಂದಲೂ ಕಡಿಮೆ.

ವರ್ಷಗಳು ಹೋದವು. ಡಿಪ್ಲೊಮಾ ಇತ್ತೆಂಬ ಕಾರಣಕ್ಕೆ ನನ್ನನ್ನೇ ತಪಾಸಣೆ ವಿಭಾಗದ ಮೇಲ್ವಿಚಾರಕಿ ಮಾಡಿದರು. ಕಲಿಸಿದವರು ಕೆಳಗೆ, ಕಲಿತವಳು ಮೇಲೆ. ರಂಗಸಾಮಿ ಅಣ್ಣನಿಗೆ ಅದರಿಂದ ಏನೂ ಆದಂತೆ ಕಾಣಲಿಲ್ಲ. "ಓದಿದೋರು ಮೇಲ ಹೋಗ್ಬೇಕು. ಇಲ್ಲಾಂದ್ರೆ ಯಾಕೆ ಓದೋದು" ಎಂದು ಬೆಂಚಿಗೆ ಹೋದರು.

ಇನ್ನು ಗಿಟಾರಿನ ಸಂಗತಿ. ಮೂವತ್ತೆಂಟನೆಯ ವಯಸ್ಸಿನಲ್ಲಿ ನನಗೆ ಗಿಟಾರ್ ಕಲಿಯಬೇಕೆನಿಸಿತು. ಅದಕ್ಕೆ ಘನವಾದ ಕಾರಣವಿಲ್ಲ. ಪೀಳಮೇಡಿನಲ್ಲಿ ನಾನಿದ್ದ ಬಾಡಿಗೆ ಮನೆಯ ಸುತ್ತ ಕಾಲೇಜು ಹುಡುಗರ ಕೋಣೆಗಳು. ಸಂಜೆ ಯಾವುದಾದರೊಂದು ಕಿಟಕಿಯಿಂದ ಗಿಟಾರು ಕೇಳುತ್ತಿತ್ತು. ದಿನವಿಡೀ ಕಬ್ಬಿಣ ಬಡಿದು ಬಂದ ಕಿವಿಗೆ ಅದು ತಣ್ಣನೆಯ ನೀರು ಹಾಕಿದಂತಿರುತ್ತಿತ್ತು. ಗಂಡ ಮಕ್ಕಳಿಲ್ಲದ ಹೆಂಗಸಿಗೆ ಸಂಜೆ ಸ್ವಲ್ಪ ಉದ್ದವೇ. ಒಂದು ಶನಿವಾರ ಗಾಂಧಿಪುರದ ವಾದ್ಯದ ಅಂಗಡಿಗೆ ಹೋದೆ. ಅಂಗಡಿಯವರು ಬಲು ಮರ್ಯಾದೆಯಿಂದ ಒಂದು ಗಿಟಾರನ್ನು ಗೋಡೆಯಿಂದ ಇಳಿಸಿ ನನ್ನ ಕೈಗೆ ಕೊಟ್ಟು, "ವಾಸಿಚ್ಚು ಪಾರುಂಗ" ಎಂದರು. ಬಾರಿಸಿ ನೋಡಿ ಎಂದು.

ಪಕ್ಕದಲ್ಲೇ ಮೂರು ಕಾಲೇಜು ಹುಡುಗರು ಕೂತು, ಬೆರಳು ಕಣ್ಣಿಗೆ ಕಾಣದಷ್ಟು ವೇಗದಲ್ಲಿ ಬಾರಿಸುತ್ತಿದ್ದರು. ನನಗೆ ಗಿಟಾರನ್ನು ಯಾವ ತೊಡೆಯ ಮೇಲಿಡಬೇಕೆಂಬುದೂ ಗೊತ್ತಿರಲಿಲ್ಲ. ಬಾರಿಸಿ ನೋಡಿ ಎಂದರೆ ಬಾರಿಸಲು ಬರಬೇಕು. ಬಾರಿಸಲು ಬರಬೇಕಾದರೆ ಮೊದಲು ಗಿಟಾರು ಬೇಕು. ಸೀರೆಯನ್ನು ಸವರಿ ನೋಡಬಹುದು, ಮಾವಿನಹಣ್ಣನ್ನು ಮೂಸಿ ನೋಡಬಹುದು, ಇದಕ್ಕೆ ನಾನೇನು ಮಾಡಲಿ? ಗಿಟಾರನ್ನು ಕೂಸಿನಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ಒಂದು ನಿಮಿಷ ನಿಂತೆ. ತಂತಿಯನ್ನು ಮುಟ್ಟಲೇ ಇಲ್ಲ. "ನಾಳೆ ಬರುತ್ತೇನೆ" ಎಂದು ವಾಪಸ್ ಕೊಟ್ಟು ಹೊರಟುಬಿಟ್ಟೆ. ಮನೆಗೆ ಬಂದು ಮೊಬೈಲಿನಲ್ಲಿ, ಯಾರು ಯಾರೋ ಕೊಟ್ಟ ನಕ್ಷತ್ರಗಳನ್ನು ಎಣಿಸಿ, ಜೇನಿನ ಬಣ್ಣದ್ದೊಂದನ್ನು ಆರಿಸಿ, ಗುಂಡಿ ಒತ್ತಿದೆ. ಹಗಲು ನನ್ನ ಮನೆಗೆ ಬೀಗವಾದ್ದರಿಂದ ಫ್ಯಾಕ್ಟರಿಯ ವಿಳಾಸ ಕೊಟ್ಟೆ.

ಒಂದೇಟು ಬಡಿಯದೆ ಒಂದು ಹಬ್ಬನ್ನೂ ಗೇಟು ದಾಟಿಸದವಳು, ಸದ್ದಲ್ಲದೆ ಬೇರೇನೂ ಉಪಯೋಗವಿಲ್ಲದ ವಸ್ತುವನ್ನು ಸದ್ದು ಕೇಳದೆ ತರಿಸಿದ್ದಳು. ನಾನು ಹೇಳಿ ನಗಿಸುವ ಕತೆ ಇಷ್ಟು.

ಪೆಟ್ಟಿಗೆ ಬಂದದ್ದು ಬೆಳಗಿನ ಚಹಾದ ಹೊತ್ತಿಗೆ. ನನ್ನಷ್ಟೇ ಎತ್ತರದ ರಟ್ಟಿನ ಪೆಟ್ಟಿಗೆ. ಗುಟ್ಟಾಗಿ ಮನೆಗೆ ಒಯ್ಯುವ ಆಸೆ ಗೇಟಿನಲ್ಲೇ ಮುಗಿಯಿತು. ಎಲ್ಲರೂ ಚಹಾದ ಲೋಟ ಹಿಡಿದು ತಪಾಸಣೆಯ ಬೆಂಚಿನ ಸುತ್ತ ಸೇರಿದರು. ರಂಗಸಾಮಿ ಅಣ್ಣ ಚಾಕುವಿನಿಂದ ಪೆಟ್ಟಿಗೆ ಸೀಳಿ, ಗಿಟಾರನ್ನು ಹೊರಗೆ ತೆಗೆದು, ಬೆನ್ನಿಗೆ ಎಡ ಅಂಗೈಯನ್ನು ಪೂರ್ತಿ ಹರಡಿ ಇಟ್ಟರು. ಬಲಗೈ ಬೆರಳಗೆಣ್ಣಿನಿಂದ ಎದೆಯ ಹಲಗೆಯನ್ನು ಮೇಲಿನಿಂದ ಕೆಳಕ್ಕೆ ತಟ್ಟುತ್ತಾ ಬಂದರು. ಕೆಳಗೆ ಒಂದು ಕಡೆ ನಿಂತು ಮತ್ತೆ ತಟ್ಟಿದರು.

"ಅಮ್ಮಣಿ, ಒಳಗ ಏನೋ ಬಿಟ್ಟ್ಕೊಂಡದೆ."

"ಹೊಸದಣ್ಣ ಅದು. ಈಗ ಬಂದಿದೆ."

"ಹೊಸದಾದ್ರೂ ಬಿಟ್ಟ್ಕೊಂಡದೆ. ಅಂಗಡೀಲಿ ತಟ್ಟಿ ನೋಡ್ದೆಯಾ?"

ಅಂಗಡಿಯಲ್ಲಿ ಕೊಳ್ಳಲಿಲ್ಲ, ಮೊಬೈಲಿನಲ್ಲಿ ತರಿಸಿದೆ ಎಂದೆ. ಅವರು ನನ್ನ ಮುಖ ನೋಡಿದರು. ಬೈಯಲಿಲ್ಲ. "ತಟ್ಟದೆ ತಂದ್ಯಾ" ಎಂದಷ್ಟೇ ಹೇಳಿ, ಗಿಟಾರನ್ನು ಬೆಂಚಿನ ಮೇಲೆ ಮಲಗಿಸಿ, ಕೆಳಗೆ ಬಿದ್ದ ರಟ್ಟು ಆಯಲು ಬಗ್ಗಿದರು.

ಆಗ ಪ್ಯಾಕಿಂಗಿನ ಸೆಲ್ವಿ ಕುತೂಹಲ ತಡೆಯಲಾರದೆ ಅತಿ ತೆಳುವಾದ ತಂತಿಯನ್ನು ಬೆರಳಿನಿಂದ ಮೀಟಿದಳು. ಣಿಂಗ್ ಎಂದು ಜೋರಾಗಿಯೇ ಕೇಳಿತು. ಆಚೆ ಕಡೆ ಚಹಾ ಕುಡಿಯುತ್ತಿದ್ದವರೂ ತಿರುಗಿದರು. ರಂಗಸಾಮಿ ಅಣ್ಣನ ಕಿವಿ ಆ ತಂತಿಯಿಂದ ಎರಡು ಗೇಣು ದೂರದಲ್ಲಿತ್ತು. ಅವರು ರಟ್ಟು ಮಡಚುತ್ತಲೇ ಇದ್ದರು. ಸೆಲ್ವಿ ಇನ್ನೆರಡು ಸಲ ಮೀಟಿದಳು. ಅವರು ಏಳಲಿಲ್ಲ. ಆಮೇಲೆ ಅವಳು ದಪ್ಪ ತಂತಿಗೆ ಬೆರಳು ಹಾಕಿದಾಗ ತಲೆಯೆತ್ತಿ, "ಹಾಂ, ಬಾರಿಸ್ತಾರಾ" ಎಂದು ನಕ್ಕರು.

ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಮನೆಗೆ ಒಯ್ದು ನೋಡಿದರೆ ಅವರು ಹೇಳಿದ್ದು ನಿಜ. ದಪ್ಪ ತಂತಿ ಮೀಟಿದರೆ ಒಳಗೆ ಎಲ್ಲೋ ಜೀರುಂಡೆ ಸಿಕ್ಕಿಕೊಂಡಂತೆ ಝರ್ರೆನ್ನುತ್ತಿತ್ತು. ಎದೆಯ ಹಲಗೆಗೆ ಒಳಗಿನಿಂದ ಆನಿಸಿದ ಪಟ್ಟಿಯೊಂದರ ಅಂಟು ಬಿಟ್ಟಿತ್ತು. ಹತ್ತು ದಿನದೊಳಗೆ ವಾಪಸ್ ಕಳಿಸಬಹುದಿತ್ತು. ಕಳಿಸಲಿಲ್ಲ. ಮತ್ತೆ ಆ ಪೆಟ್ಟಿಗೆಯನ್ನು ಎಲ್ಲರ ಮುಂದೆ ಗೇಟಿನಿಂದ ಹೊರಗೆ ಸಾಗಿಸುವ ಮುಖ ನನಗಿರಲಿಲ್ಲ. ಅಲ್ಲದೆ ಆ ದಿನಗಳಲ್ಲಿ ನನ್ನ ತಲೆಯಲ್ಲಿ ಬೇರೆಯೇ ಚಿಂತೆ ಇತ್ತು.

ನಾನು ರಂಗಸಾಮಿ ಅಣ್ಣನನ್ನು ನೋಡಲು ಶುರುಮಾಡಿದ್ದೆ. ಬಡಿಯುವಾಗ ಅವರ ಎಡಗೈ ಸುಮ್ಮನಿರುತ್ತಿರಲಿಲ್ಲ. ಅಂಗೈ ಹಬ್ಬಿನ ಅಂಚಿಗೆ ಅಂಟಿರುತ್ತಿತ್ತು. ಕಣ್ಣು ಮುಚ್ಚಿರುತ್ತಿತ್ತು. ನನಗೆ ಕಲಿಸುವಾಗ ಅವರು ಹಾಗೆ ಮಾಡುತ್ತಿರಲಿಲ್ಲ. ಮುಟ್ಟಿದರೆ ನುಡಿ ಕೆಡುತ್ತದೆ, ಕೈ ತೆಗಿ ಎಂದು ನನಗೇ ಗದರಿಸಿದ್ದರು. ಯಾವಾಗಿನಿಂದ ಬದಲಾಯಿತು ಎಂದು ಯೋಚಿಸಿದರೆ ಹೊಳೆಯಲಿಲ್ಲ. ಎದುರು ಬೆಂಚಿನಲ್ಲಿ ವರ್ಷಗಟ್ಟಲೆ ಕೂತು ನಾನು ಅದನ್ನು ಕಂಡಿರಲಿಲ್ಲ. ಅವರು ಕಿವಿಯಿಂದಲ್ಲ, ಕೈಯಿಂದ ಕೇಳುತ್ತಿದ್ದರು.

ನಮ್ಮ ಹಬ್ಬು ಕೂರುವ ಲಾರಿಗಳು ವಾಲ್ಪಾರೆಯ ಘಾಟಿಯನ್ನೂ ಇಳಿಯುತ್ತವೆ. ನಾನು ಒಮ್ಮೆ ಆ ದಾರಿಯಲ್ಲಿ ಬಸ್ಸಿನಲ್ಲಿ ಬಂದಿದ್ದೇನೆ. ತಿರುವಿಗೊಂದು ತಿರುವು, ಎದುರಿಗೆ ಚಹಾದೆಲೆ ಹೊತ್ತ ಲಾರಿ. ಆ ತಿರುವೊಂದರಲ್ಲಿ ಚಕ್ರದ ಹಬ್ಬು ಸೀಳಿದರೆ ಏನಾಗುತ್ತದೆಂದು ನಾನು ವಿವರಿಸಬೇಕಾಗಿಲ್ಲ. ಒಂದು ಕಡೆ ಆ ತಿರುವು, ಇನ್ನೊಂದು ಕಡೆ ನನಗೆ ಅನ್ನದ ದಾರಿ ಕಲಿಸಿದ ಮನುಷ್ಯ. ಅವರಿಗೆ ಇನ್ನೂ ನಾಲ್ಕು ವರ್ಷದ ಕೆಲಸವಿತ್ತು. ಆ ಬೆಂಚು ಬಿಟ್ಟರೆ ಗೇಟಿನ ಕಾವಲಿಗೆ ಹಾಕುತ್ತಾರೆಂದು ಎಲ್ಲರಿಗೂ ಗೊತ್ತಿತ್ತು.

ಹೋಗಿ ಕೇಳಬಹುದಿತ್ತು. ಅಣ್ಣಾ, ನಿಮಗೆ ಕಿವಿ ಕೇಳಿಸುತ್ತದಾ ಎಂದು. ಮೂರು ಪದದ ಪ್ರಶ್ನೆ. ಎರಡು ವಾರ ಅದನ್ನು ಬಾಯಲ್ಲಿಟ್ಟುಕೊಂಡು ತಿರುಗಾಡಿದೆ, ಉಗುಳಲಾಗಲಿಲ್ಲ. ಕೊನೆಗೆ ನಾನು ಮಾಡಿದ್ದು ಇದು: ಬಿರುಕನ್ನು ತೋರಿಸಲು ಒಂದು ಕೆಂಪು ಬಣ್ಣದ ದ್ರವವಿದೆ. ಹಚ್ಚಿ ಒರೆಸಿ, ಮೇಲೆ ಬಿಳಿ ಪುಡಿ ಸಿಂಪಡಿಸಿದರೆ, ಬಿರುಕಿದ್ದಲ್ಲಿ ಕೆಂಪು ಗೆರೆ ಮೂಡುತ್ತದೆ. ಹಾಗೆ ಪರೀಕ್ಷಿಸಿ ಏಳು ಒಳ್ಳೆಯ ಹಬ್ಬು, ಮೂರು ಬಿರುಕಿನವು ಆರಿಸಿದೆ. ಹತ್ತನ್ನೂ ತೊಳೆದು, ಬೆರೆಸಿ, ಒಂದು ಶನಿವಾರ ಮಧ್ಯಾಹ್ನ ಕೆಲಸ ಕಡಿಮೆಯಿದ್ದಾಗ ಅವರ ಬೆಂಚಿನ ಮೇಲಿಟ್ಟು, "ಇದಿಷ್ಟು ಬಾಕಿ ಇದೆಯಣ್ಣ, ನೋಡಿಬಿಡಿ" ಎಂದೆ.

ಅವರು ಮೊದಲನೆಯದನ್ನು ಎತ್ತಿ ಒಂದು ಕ್ಷಣ ಹಿಡಿದುಕೊಂಡರು. ಆಮೇಲೆ ಒಂದೊಂದಾಗಿ ಬಡಿದರು. ಎಂದಿಗಿಂತ ನಿಧಾನ. ಎರಡನ್ನು ಎಡಗಡೆಗೆ ಇಟ್ಟರು, ಎಂಟಕ್ಕೆ ಸುಣ್ಣದ ಗೀಟು ಎಳೆದರು. ಸುತ್ತಿಗೆ ಇಟ್ಟು ಕೈ ಒರೆಸಿಕೊಂಡು ಕೇಳಿದರು:

"ಎಷ್ಟು ತಪ್ಪಿತು?"

ನಾನು ಸುಣ್ಣದ ಗೀಟಿದ್ದ ಹಬ್ಬುಗಳತ್ತ ನೋಡಿದೆ.

"ಮೊದಲನೇದು ಎತ್ತಿದಾಗ್ಲೇ ತಿಳೀತು ಅಮ್ಮಣಿ. ಕೆಂಪೆಣ್ಣೆ ವಾಸನೆ. ನೀ ತೊಳ್ದಿದ್ದೆ, ಸರಿಯಾ ತೊಳ್ದಿಲ್ಲೆ. ಎಷ್ಟು ತಪ್ಪಿತು ಹೇಳು."

"ಒಂದು."

ಅವರು ಸ್ಟೂಲಿನ ಮೇಲೆ ಕೂತರು. ಸ್ವಲ್ಪ ಹೊತ್ತು ತಮ್ಮ ಎಡ ಅಂಗೈಯನ್ನು ನೋಡಿಕೊಂಡರು. "ಒಂದು ಅಂದ್ರೆ ಒಂದು ಲಾರಿ" ಎಂದರು. ಆಮೇಲೆ ಹೇಳಿದರು. ಮೂರು ವರ್ಷವಾಯಿತಂತೆ. ಮೊದಲು ಹಕ್ಕಿಗಳು ನಿಂತುಹೋದವಂತೆ, ಆಮೇಲೆ ಕುಕ್ಕರಿನ ಸೀಟಿ, ಆಮೇಲೆ ಹೆಂಡತಿ ಸೌಂದ್ರಮ್ಮ ಅಡುಗೆಮನೆಯಿಂದ ಕೂಗುವುದು. ಹಬ್ಬಿನ ನುಡಿಯ ಕೆಳಗಿನ ಭಾಗ ಕೇಳಿಸುತ್ತಿತ್ತು, ಮೇಲಿನದ್ದನ್ನು ಕೈಯಿಂದ ತುಂಬಿಸಿಕೊಳ್ಳುತ್ತಿದ್ದರು. ಸಾಕಾಗುತ್ತದೆ ಎಂದುಕೊಂಡಿದ್ದರು.

"ಬರಿ. ಮ್ಯಾನೇಜರ್‌ಗೆ ಬರ್ದು ಕೊಡು. ಕಂಡಿಪ್ಪಾ ಕೊಡ್ಬೇಕು, ಬಿಡ್ಬಾರ್ದು."

"ಅಣ್ಣಾ, ನಾನು..."

"ಬರಿಯೋದಕ್ಕೆ ನಂಗೇನೂ ಇಲ್ಲೆ. ಆದ್ರೆ ನೀ ಕೇಳ್ಬೋದಿತ್ತು." ಅವರ ಧ್ವನಿ ಏರಲಿಲ್ಲ. "ಯಾರು ಮಾಡಿದ್ದೋ ಏನೋ, ಆ ಗಿಟಾರ್ನ ತಟ್ಟದೆ ನಂಬ್ದೆ. ಹದಿನಾಲ್ಕು ವರ್ಸ ಕೂಡ ಇದ್ದೋನನ್ನ ತಟ್ಟಿ ನೋಡ್ದೆ."

ಕನ್ನಡದಲ್ಲೂ ತಮಿಳಿನಲ್ಲೂ ಕೇಳುವುದೆಂದರೆ ಎರಡೂ ಹೌದು: ಕಿವಿಗೊಡುವುದೂ ಹೌದು, ಪ್ರಶ್ನಿಸುವುದೂ ಹೌದು. ಅವರಿಗೆ ಕೇಳಿಸುತ್ತಿರಲಿಲ್ಲ. ನಾನು ಕೇಳಿರಲಿಲ್ಲ. ಯಾರದು ದೊಡ್ಡ ಊನ ಎಂದು ಆ ಮಧ್ಯಾಹ್ನ ನನಗೆ ಅನುಮಾನವೇ ಇರಲಿಲ್ಲ.

ಬರೆದು ಕೊಟ್ಟೆ. ಅಂಗಳದಲ್ಲಿದ್ದ ಹಬ್ಬುಗಳನ್ನೆಲ್ಲ ಎರಡು ವಾರ ಕೂತು ಕೆಂಪು ಬಣ್ಣದಿಂದ ಪರೀಕ್ಷಿಸಿದೆವು, ಇನ್ನೊಂದು ಬಿರುಕಿನದು ಸಿಕ್ಕಿತು. ಕೊಂಡವರಿಗೂ ತಿಳಿಸಿದೆವು, ಅವರು ತಮ್ಮಲ್ಲಿದ್ದವನ್ನು ನೋಡಿದರು. ಅದಕ್ಕೂ ಮೊದಲೇ ರಸ್ತೆಗೆ ಹೋದವುಗಳಿಂದ ಕೆಟ್ಟ ಸುದ್ದಿ ಇದುವರೆಗೆ ಬಂದಿಲ್ಲ. ಬಂದಿಲ್ಲ ಎಂಬುದಷ್ಟೇ ನನಗೆ ಗೊತ್ತು. ಅದಕ್ಕಿಂತ ಹೆಚ್ಚು ಧೈರ್ಯದಿಂದ ಹೇಳಲಾರೆ.

ರಂಗಸಾಮಿ ಅಣ್ಣನನ್ನು ಗೇಟಿಗೆ ಹಾಕಬೇಡಿ ಎಂದು ನಾನು ಮ್ಯಾನೇಜರರ ಬಳಿ ಮೂರು ಸಲ ಹೋಗಿ ಕೂತೆ. ಕೊನೆಗೆ ಪ್ಯಾಟರ್ನ್ ಕೋಣೆಗೆ ಕಳಿಸಿದರು. ಎರಕದ ಮರದ ಅಚ್ಚುಗಳನ್ನು ಜೋಡಿಸಿಡುವ, ಮುರಿದದ್ದನ್ನು ಅಂಟಿಸಿ ಸರಿಮಾಡುವ ಜಾಗ ಅದು. ಶೆಡ್ಡಿನ ಹಿಂದೆ, ಬೇವಿನ ಮರದ ಪಕ್ಕ. ಗದ್ದಲವಿಲ್ಲ. ಸಂಬಳ ಅದೇ. ಅವರು ಹೋದ ದಿನ ಬೆಂಚಿನ ಖಾನೆ ಖಾಲಿ ಮಾಡಿ, ಸುತ್ತಿಗೆಯನ್ನು ನನ್ನ ಮೇಜಿನ ಮೇಲಿಟ್ಟು, "ಇದು ಇಲ್ಲಿಯದೇ ಮೇಡಂ" ಎಂದು ತಮಿಳಿನಲ್ಲಿ ಹೇಳಿದರು.

ಅಂದಿನಿಂದ ಅವರು ನನ್ನೊಂದಿಗೆ ತಮಿಳೇ ಆಡಿದರು. ಎದುರಿಗೆ ಸಿಕ್ಕರೆ "ವಣಕ್ಕಂ ಮೇಡಂ". ಏನಾದರೂ ಕೇಳಿದರೆ "ಸೊಲ್ಲುಂಗ ಮೇಡಂ", ಹೇಳಿ ಎಂದು. ಬಹುವಚನ, ಮರ್ಯಾದೆ, ಒಂದಿಷ್ಟೂ ಕೊರತೆಯಿಲ್ಲ. ಆ ಹೊತ್ತಿಗೆ ನನ್ನ ತಮಿಳು ಅವರದ್ದಷ್ಟೇ ಚೆನ್ನಾಗಿತ್ತು. ಮಾತು ನಡೆಯಲು ಯಾವ ಅಡ್ಡಿಯೂ ಇರಲಿಲ್ಲ. ನಾನು ಕನ್ನಡದಲ್ಲಿ ಕೇಳುತ್ತಿದ್ದೆ, ಅವರು ತಮಿಳಿನಲ್ಲಿ ಉತ್ತರಿಸುತ್ತಿದ್ದರು. ನೋಡುವವರಿಗೆ ಜಗಳವೆಂದು ತಿಳಿಯುವಂತಿರಲಿಲ್ಲ. ಮನೆಯೊಳಗೆ ಓಡಾಡಿಕೊಂಡಿದ್ದವಳನ್ನು ಜಗಲಿಯಲ್ಲಿ ಚಾಪೆ ಹಾಸಿ ಕೂರಿಸಿದರೆ ಹೇಗಿರುತ್ತದೋ ಹಾಗಿತ್ತು ನನಗೆ. ನಾಲ್ಕು ತಿಂಗಳು ಹೀಗೇ ನಡೆಯಿತು.

ಗಿಟಾರು ಬೀರುವಿನ ಪಕ್ಕ ನಿಂತಿತ್ತು. ಮೊಬೈಲ್ ನೋಡಿಕೊಂಡು ಎರಡು ಮೂರು ಬೆರಳ ಹಿಡಿತ ಕಲಿತೆ, ಬೆರಳ ತುದಿ ಸುಲಿಯಿತು, ಝರ್ ಎನ್ನುವುದು ನಿಲ್ಲಲಿಲ್ಲ. ಗಾಂಧಿಪುರದ ಅಂಗಡಿಯಲ್ಲೇ ಸರಿಮಾಡಿಸಬಹುದಿತ್ತು. ಒಂದು ಶುಕ್ರವಾರ, ಏಕೆಂದು ಬಹಳ ಯೋಚಿಸದೆ, ಅದನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು, ಉಕ್ಕಡಂ ಸಿಗ್ನಲ್ಲಿನಲ್ಲಿ ಎಲ್ಲರ ದೃಷ್ಟಿಗೆ ಬಿದ್ದು, ಪ್ಯಾಟರ್ನ್ ಕೋಣೆಗೆ ಒಯ್ದೆ.

"ಅಣ್ಣಾ, ನೀವು ಹೇಳಿದ್ದು ಸರಿ. ಒಳಗೆ ಬಿಟ್ಟಿದೆ. ಇದನ್ನು ಸರಿಮಾಡಲು ಆಗುತ್ತದಾ? ಕೇಳೋಣವೆಂದು ಬಂದೆ." ಕೊನೆಯ ಮಾತನ್ನು ಬೇಕೆಂದೇ ಹೇಳಿದ್ದೆ. ಅವರ ಎದುರಿಗೆ ನಿಂತು, ತುಟಿ ಕಾಣುವಂತೆ ಹೇಳಿದ್ದೆ.

"ವೆಚ್ಚಿಟ್ಟು ಪೋಂಗ" ಎಂದರು. ಇಟ್ಟು ಹೋಗಿ.

ಇಟ್ಟು ಬಂದೆ. ಒಂದು ವಾರ ಏನೂ ಸುದ್ದಿಯಿಲ್ಲ. ಆಮೇಲೆ ತಿಳಿದದ್ದು, ಅವರು ದುಂಡು ತೂತಿನಿಂದ ಕೈಹಾಕಿ, ಕನ್ನಡಿ ಚೂರೊಂದರಲ್ಲಿ ನೋಡಿ, ಬಿಟ್ಟ ಪಟ್ಟಿಯನ್ನು ಹುಡುಕಿ, ಅದರ ಸಂದಿಗೆ ತೆಳು ಬ್ಲೇಡಿನಿಂದ ಅಂಟು ತೂರಿಸಿ, ಒಳಗಿನಿಂದ ಅಳತೆಗೆ ಕತ್ತರಿಸಿದ ಕಡ್ಡಿಯೊಂದನ್ನು ಒತ್ತುಗೊಟ್ಟು ಮೂರು ದಿನ ಬಿಟ್ಟಿದ್ದರಂತೆ. ಅಂಟು ಸ್ವಲ್ಪ ಹೆಚ್ಚೇ ಆಗಿ ಒಳಗೆಲ್ಲ ಹರಿದಿತ್ತು. ಮುಂದಿನ ಶುಕ್ರವಾರ ಊಟದ ಬಿಡುವಿನಲ್ಲಿ ಕರೆಸಿದರು. ಗಿಟಾರು ಮೇಜಿನ ಮೇಲಿತ್ತು, ತಂತಿ ಬಿಗಿದಿತ್ತು.

"ಬಾರ್ಸು" ಎಂದರು, ಕನ್ನಡದಲ್ಲಿ.

"ನನಗೆ ಸರಿಯಾಗಿ ಬರೋಲ್ಲಣ್ಣ."

"ಬರ್ದಿದ್ರೆ ಏನು? ನಂಗ ಅಷ್ಟಾಗಿ ಕೇಳೋದೂ ಇಲ್ಲೆ. ಬಾರ್ಸು."

ನನಗೆ ಬರುತ್ತಿದ್ದ ಮೂರು ಹಿಡಿತಗಳನ್ನು, ಒಂದರಿಂದ ಇನ್ನೊಂದಕ್ಕೆ ಹೋಗುವಾಗ ತಡವರಿಸುತ್ತಾ, ಬಾರಿಸಿದೆ. ಅವರು ಗಿಟಾರಿನ ಪಕ್ಕೆಗೆ ಕೈಯಿಟ್ಟು ಬಾಗಿಲಾಚೆ ನೋಡುತ್ತಾ ನಿಂತಿದ್ದರು. ಜೀರುಂಡೆ ಹೋಗಿತ್ತು. ಮುಗಿದ ಮೇಲೆ ಬುತ್ತಿಯ ಡಬ್ಬಿ ಬಿಚ್ಚಿ, ಸೌಂದ್ರಮ್ಮ ಕಳಿಸಿದ ಕಡಲೆಕಾಯಿ ಚಟ್ನಿಯನ್ನು ನನ್ನ ಕಡೆ ತಳ್ಳಿ, "ಇವ್ಳು ನೀ ಯಾಕೆ ಮನೆಗೆ ಬರ್ತಿಲ್ಲೆ ಅಂತ ಕೇಳ್ತಾಳೆ. ಏನ್ ಹೇಳ್ಳಿ?" ಎಂದರು.

ಕ್ಷಮೆ ಕೇಳಿದೆನೇ? ಕೇಳಿದೆ, ಅಲ್ಲಿಯೇ, ಅನ್ನ ಕಲಸುತ್ತಾ. ಅವರು "ಸಾಕು, ತಿನ್ನು" ಎಂದರು. ಕಿವಿಗೆ ಬಿತ್ತೋ ತುಟಿ ನೋಡಿ ತಿಳಿದರೋ, ಗೊತ್ತಿಲ್ಲ.

ಎರಡು ವರ್ಷದ ಹಿಂದೆ ಅವರು ನಿವೃತ್ತರಾಗಿ ಉಡುಮಲೈಗೆ ಹೋದರು. ನಾನು ಗಿಟಾರನ್ನು ಈಗಲೂ ಬಾರಿಸುತ್ತೇನೆ, ಸಾಧಾರಣವಾಗಿ. ಬಾರಿಸದೆ ಗಿಟಾರ್ ಕೊಳ್ಳಬಹುದೇ ಎಂದು ಆಫೀಸಿನ ಹೊಸಬರು ನನ್ನನ್ನು ಕೇಳುವುದುಂಟು. ಬಾರಿಸಲು ಬರುವ ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ, ನಾಚಿಕೆ ಬೇಡ ಎನ್ನುತ್ತೇನೆ. ಅಷ್ಟೇ ಉಪದೇಶ.

ಆ ಪ್ರಸಂಗದ ನಂತರ ನಮ್ಮಲ್ಲಿ ಬೆಂಚಿನ ಕೆಲಸದವರಿಗೆ ಆರು ತಿಂಗಳಿಗೊಮ್ಮೆ ಕಿವಿ ಪರೀಕ್ಷೆ ಮಾಡಿಸುವ ಪದ್ಧತಿ ಬಂತು. ನಾನೂ ಬೆಂಚಿಗೆ ಕೂರುವವಳಾದ್ದರಿಂದ ನನಗೂ ಉಂಟು. ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಯಂತ್ರ ಹಾಕಿ, ಸದ್ದು ಕೇಳಿದಾಗೆಲ್ಲ ಗುಂಡಿ ಒತ್ತಿ ಎನ್ನುತ್ತಾರೆ. ತಂತಿ ಬದಲಿಸಿದ ಮರುವಾರ ಹೋಗಿದ್ದೆ. ಬಹಳ ಹೊತ್ತು ಏನೂ ಕೇಳದೆ, ಯಂತ್ರ ಕೆಟ್ಟಿತೇನೋ ಎಂದು ಗಾಜಿನಾಚೆ ನೋಡಿದರೆ, ಅಲ್ಲಿದ್ದ ಹುಡುಗಿ ನನ್ನನ್ನೇ ನೋಡುತ್ತಾ ಏನೋ ಬರೆದುಕೊಳ್ಳುತ್ತಿದ್ದಳು. ಎಡಗಿವಿಯ ಗೆರೆ ಮೇಲಿನ ಸ್ವರಗಳ ಹತ್ತಿರ ಕೆಳಗಿಳಿದಿದೆ. ಬಹಳವಲ್ಲ.

ಮ್ಯಾನೇಜರರು ಕಾಗದ ನೋಡಿ, "ಇಷ್ಟಕ್ಕೆ ಏನೂ ಆಗೋದಿಲ್ಲ, ಮುಂದಿನ ಸಲ ನೋಡೋಣ" ಎಂದರು. ನಾನು ಇನ್ನು ಬೆಂಚಿಗೆ ಕೂರುವುದಿಲ್ಲ ಎಂದು ಬರೆದು, ಸಹಿ ಮಾಡಿ, ಅವರ ಮೇಜಿನ ಮೇಲಿಟ್ಟು ಬಂದೆ. ಇಪ್ಪತ್ತು ವರ್ಷ ಕೂತ ಜಾಗ.

ಹೋದ ಭಾನುವಾರ ಉಡುಮಲೈಗೆ ಹೋಗಿ ರಂಗಸಾಮಿ ಅಣ್ಣನಿಗೆ ಹೇಳಿದೆ. ಕಿವಿಗೆ ಯಂತ್ರ ಹಾಕಿಕೊಂಡಿದ್ದರು, ನೆಂಟರು ಬಂದಾಗ ಮಾತ್ರ ಹಾಕುತ್ತಾರಂತೆ. ಮೊದಲ ಸಲ ತಿಳಿಯಲಿಲ್ಲ. ಎರಡನೆಯ ಸಲ ಹೇಳಿದೆ. ಸೌಂದ್ರಮ್ಮ ಬಾಗಿಲಲ್ಲಿ ಕೈಯಲ್ಲಿದ್ದ ಮೊರ ಕೆಳಗಿಟ್ಟು ನಿಂತರು.

"ನೀನೇ ಹೇಳ್ದೆಯಾ? ಅವರು ಹಿಡಿದ್ರಾ?"

"ನಾನೇ ಹೇಳಿದೆ."

ಅವರು ತಲೆಯಾಡಿಸಿದರು. ಅಯ್ಯೋ ಎನ್ನಲಿಲ್ಲ, ಒಳ್ಳೆಯದು ಮಾಡಿದೆ ಎಂದೂ ಹೇಳಲಿಲ್ಲ. "ಬೆಂಚಿಗೆ ಯಾರು ಈಗ?" ಎಂದರು.

"ಹೊಸಬಳು. ಧಾರಾಪುರದವಳು. ಮಾತು ಕಡಿಮೆ. ಏನು ಹೇಳಿದರೂ ತಲೆಯಾಡಿಸುತ್ತಾಳೆ."

"ತಿಳಿದು ಆಡಿಸ್ತಾಳೋ, ಸುಮ್ಮಾ ಆಡಿಸ್ತಾಳೋ?"

ಗೊತ್ತಿಲ್ಲ ಎಂದೆ. ನಿಜಕ್ಕೂ ಗೊತ್ತಿರಲಿಲ್ಲ.

"ಹೋಗಿ ಕೇಳು" ಎಂದರು.

ಸೋಮವಾರ ಬೆಳಿಗ್ಗೆ ಶೆಡ್ಡಿಗೆ ಹೋದಾಗ ಅವಳು ಆಗಲೇ ಬಂದು ಸುತ್ತಿಗೆ ಒರೆಸುತ್ತಿದ್ದಳು. ಪಕ್ಕದಲ್ಲಿ ಗ್ರೈಂಡರ್ ಶುರುವಾಗಿತ್ತು. ಸ್ಟೂಲೊಂದನ್ನು ಎಳೆದುಕೊಂಡು ಅವಳ ಬೆಂಚಿನ ಮುಂದೆ ಕೂತು, ಕೆಲಸ ಹೇಗಿದೆ, ನಾನು ಹೇಳಿಕೊಟ್ಟದ್ದರಲ್ಲಿ ತಿಳಿಯದ್ದು ಏನಾದರೂ ಇದೆಯಾ ಎಂದು ಕೇಳಿದೆ. ಅವಳು ತಲೆಯಾಡಿಸಿದಳು. ನಾನು ಏಳಲಿಲ್ಲ. ಗ್ರೈಂಡರ್ ನಿಲ್ಲುವವರೆಗೆ ಕಾದು, ಮತ್ತೆ ಕೇಳಿದೆ.